ಜೀವವಿಕಾಸದ ಪಾಠ 1859ಕ್ಕೇ ನಿಲ್ಲದಿರಲಿ: ಪಠ್ಯಪುಸ್ತಕ ರಚಿಸುವವರಿಗೊಂದು ಬಹಿರಂಗ ಪತ್ರ

ವಿಜ್ಞಾನ ಪಠ್ಯಪುಸ್ತಕಗಳನ್ನು ರಚಿಸುವ ಮತ್ತು ಪರಿಷ್ಕರಿಸುವ ಸಮಿತಿಗಳ ಮಾನ್ಯ ಸದಸ್ಯರೇ,

ನಾನು ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸುವವಳು. ನೀವು ಬರೆದದ್ದನ್ನು ಮಕ್ಕಳ ಮುಂದೆ ನಿಂತು ಹೇಳುವುದು ನನ್ನ ಕೆಲಸ. ನಿಮ್ಮ ಪುಸ್ತಕದ ಯಾವ ಪುಟದಲ್ಲಿ ಅವರ ಕಣ್ಣು ಅರಳುತ್ತದೆ, ಯಾವ ಪುಟದಲ್ಲಿ ಅವರು ಆಕಳಿಸುತ್ತಾರೆ ಎಂಬುದು ನಿಮಗಿಂತ ಮೊದಲು ನನಗೆ ತಿಳಿಯುತ್ತದೆ. ಜೀವವಿಕಾಸದ ಅಧ್ಯಾಯ ಬಂದಾಗ ಅವರು ಆಕಳಿಸುತ್ತಾರೆ. ಇಡೀ ಜೀವಶಾಸ್ತ್ರದಲ್ಲಿ ಇಷ್ಟು ಜೀವಂತವಾದ, ಇಷ್ಟು ವೇಗವಾಗಿ ಬೆಳೆಯುತ್ತಿರುವ ವಿಷಯ ಇನ್ನೊಂದು ಇಲ್ಲದಿರುವಾಗ ಹೀಗಾಗುವುದನ್ನು ನನ್ನಿಂದ ಸಹಿಸಲಾಗುತ್ತಿಲ್ಲ. ಅದಕ್ಕಾಗಿಯೇ ಈ ಪತ್ರ.

ಆ ಅಧ್ಯಾಯದಲ್ಲಿ ಸಾಮಾನ್ಯವಾಗಿ ಇರುವುದಿಷ್ಟು. ಡಾರ್ವಿನ್ 1831ರಲ್ಲಿ ಬೀಗಲ್ ಹಡಗು ಹತ್ತಿದರು, ಗಾಲಾಪಗೋಸ್ ದ್ವೀಪಗಳನ್ನು ಕಂಡರು, 1859ರಲ್ಲಿ ಪುಸ್ತಕ ಪ್ರಕಟಿಸಿದರು. ಆಮೇಲೆ ಜಿರಾಫೆಯ ಕತ್ತು, ಕುದುರೆಯ ಗೊರಸು, ಬಾವಲಿಯ ರೆಕ್ಕೆಯಲ್ಲೂ ತಿಮಿಂಗಿಲದ ಈಜುರೆಕ್ಕೆಯಲ್ಲೂ ಕಾಣುವ ಒಂದೇ ಬಗೆಯ ಮೂಳೆಗಳು. ಕೊನೆಯಲ್ಲಿ, ಬಾಗಿ ನಡೆಯುವ ಮಂಗ ಹಂತಹಂತವಾಗಿ ಬೆನ್ನು ನೆಟ್ಟಗೆ ಮಾಡಿಕೊಂಡು ಮನುಷ್ಯನಾಗುವ ಸಾಲುಚಿತ್ರ. ಆ ಚಿತ್ರವೊಂದನ್ನು ಬಿಟ್ಟರೆ ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇಷ್ಟನ್ನೇ ಓದಿದ ಮಗು ಏನು ತಿಳಿದುಕೊಳ್ಳುತ್ತದೆ? ಇದೆಲ್ಲ ಎಂದೋ ನಡೆದು ಮುಗಿದ ಸಂಗತಿ, ಯಾರೂ ಕಣ್ಣಾರೆ ಕಂಡದ್ದಲ್ಲ, ಗಡ್ಡದ ಹಿರಿಯರೊಬ್ಬರು ಮಾಡಿದ ಊಹೆ ಎಂದು. "ಹಾಗಾದರೆ ಮಂಗಗಳು ಈಗ ಯಾಕೆ ಮನುಷ್ಯರಾಗುತ್ತಿಲ್ಲ?" ಎಂದು ಪ್ರತಿವರ್ಷ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. ಹಾಗೆ ಕೇಳುವ ಮಗು ದಡ್ಡ ಮಗುವಲ್ಲ. ನಿಮ್ಮ ಚಿತ್ರವನ್ನು ಅದು ಇರುವಂತೆಯೇ ಓದಿಕೊಂಡ ಮಗು.

ಜೀವವಿಕಾಸವನ್ನು ವರ್ತಮಾನ ಕಾಲದಲ್ಲಿ ಬರೆಯಿರಿ ಎನ್ನುವುದೇ ನನ್ನ ಕೋರಿಕೆ. ಅದು ಈಗ ನಡೆಯುತ್ತಿದೆ. ಜನ ಅದನ್ನು ಅಳೆಯುತ್ತಿದ್ದಾರೆ, ತೂಗುತ್ತಿದ್ದಾರೆ, ಶೀತಕದಲ್ಲಿ ಕಾಪಿಟ್ಟು ಮತ್ತೆ ಹೊರತೆಗೆದು ನೋಡುತ್ತಿದ್ದಾರೆ. ಅದನ್ನೆಲ್ಲ ಮಕ್ಕಳಿಂದ ಬಚ್ಚಿಡಲು ಕಾರಣವೇ ಇಲ್ಲ.

ಡಾರ್ವಿನ್‌ರ ಹಕ್ಕಿಗಳಿಂದಲೇ ಆರಂಭಿಸೋಣ, ಏಕೆಂದರೆ ನಿಮ್ಮ ಪುಸ್ತಕದಲ್ಲಿ ಅವುಗಳ ಕೊಕ್ಕಿನ ಚಿತ್ರ ಹೇಗೂ ಇರುತ್ತದೆ. ಪೀಟರ್ ಗ್ರಾಂಟ್ ಮತ್ತು ರೋಸ್ಮರಿ ಗ್ರಾಂಟ್ ದಂಪತಿ 1973ರಲ್ಲಿ ಗಾಲಾಪಗೋಸ್‌ನ ಡಾಫ್ನಿ ಮೇಜರ್ ಎಂಬ ಪುಟ್ಟ ಜ್ವಾಲಾಮುಖಿ ದ್ವೀಪಕ್ಕೆ ಹೋದರು. ನಂತರ ದಶಕಗಳ ಕಾಲ ವರ್ಷವರ್ಷವೂ ಹೋದರು. ಹಕ್ಕಿಗಳನ್ನು ಹಿಡಿದು ಕಾಲಿಗೆ ಉಂಗುರ ತೊಡಿಸಿದರು, ಕೊಕ್ಕಿನ ಉದ್ದಗಲ ಅಳೆದರು, ಯಾವುದು ಯಾವುದರ ಮರಿ ಎಂದು ಬರೆದಿಟ್ಟರು. 1977ರಲ್ಲಿ ದ್ವೀಪಕ್ಕೆ ಭೀಕರ ಬರ ಬಂತು. ಮೆತ್ತನೆಯ ಸಣ್ಣ ಬೀಜಗಳು ಬೇಗ ಮುಗಿದವು. ಉಳಿದದ್ದು ನೆಗ್ಗಿಲು ಮುಳ್ಳಿನ ಕುಲಕ್ಕೆ ಸೇರಿದ ಗಿಡವೊಂದರ ಗಟ್ಟಿ ಕಾಯಿ. ಅದನ್ನು ಒಡೆಯಲು ದಪ್ಪ ಕೊಕ್ಕು ಬೇಕು. ಮಧ್ಯಮ ಗಾತ್ರದ ನೆಲಫಿಂಚ್ ಹಕ್ಕಿಗಳಲ್ಲಿ ಐದರಲ್ಲಿ ನಾಲ್ಕಕ್ಕೂ ಹೆಚ್ಚು ಸತ್ತವು. ಬದುಕುಳಿದವುಗಳಲ್ಲಿ ದಪ್ಪ ಕೊಕ್ಕಿನವೇ ಹೆಚ್ಚು. ಕೊಕ್ಕಿನ ದಪ್ಪ ತಂದೆತಾಯಿಯಿಂದ ಮರಿಗೆ ಬರುವ ಗುಣವಾದ್ದರಿಂದ ಮುಂದಿನ ಪೀಳಿಗೆಯ ಸರಾಸರಿ ಕೊಕ್ಕು ಸುಮಾರು ಶೇಕಡ 4ರಷ್ಟು ದಪ್ಪವಾಯಿತು. ಬರಗಾಲದಲ್ಲಿ ಯಾವ ಹಕ್ಕಿಯ ಕೊಕ್ಕೂ ಬೆಳೆಯಲಿಲ್ಲ. ಯಾವುದು ಉಳಿಯಿತು, ಯಾವುದು ಅಳಿಯಿತು ಎಂಬುದರಲ್ಲೇ ಬದಲಾವಣೆ ಇತ್ತು. ಕತ್ತು ಚಾಚಿ ಚಾಚಿ ಉದ್ದವಾಯಿತು ಎಂಬ ಜಿರಾಫೆಯ ತಪ್ಪು ಕಲ್ಪನೆಯನ್ನು ಮಕ್ಕಳ ತಲೆಯಿಂದ ತೆಗೆಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಕಥೆ ಅಲ್ಲಿಗೇ ನಿಂತಿದ್ದರೆ ನಾನು ಇಷ್ಟು ಒತ್ತಾಯಿಸುತ್ತಿರಲಿಲ್ಲ. 1983ರಲ್ಲಿ ಎಲ್ ನಿನೊ ಮಳೆ ಸುರಿಯಿತು, ದ್ವೀಪದ ತುಂಬ ಸಣ್ಣ ಬೀಜದ ಗಿಡಗಳು ಹಬ್ಬಿದವು, ಆಗ ಆಯ್ಕೆಯ ದಿಕ್ಕು ತಿರುಗಿ ಸಣ್ಣ ಹಕ್ಕಿಗಳಿಗೆ ಅನುಕೂಲವಾಯಿತು. 2003ರಿಂದ 2005ರವರೆಗೆ ಮತ್ತೊಂದು ಬರ. 1977ರಂತೆಯೇ ದಪ್ಪ ಕೊಕ್ಕು ಗೆಲ್ಲಬೇಕಿತ್ತಲ್ಲವೇ? ಗೆಲ್ಲಲಿಲ್ಲ. ಅಷ್ಟರಲ್ಲಿ ದೊಡ್ಡ ನೆಲಫಿಂಚ್ ಎಂಬ ಇನ್ನೊಂದು ಪ್ರಭೇದ ಅದೇ ದ್ವೀಪದಲ್ಲಿ ನೆಲೆಯೂರಿ, ಗಟ್ಟಿ ಕಾಯಿಗಳನ್ನೆಲ್ಲ ತಾನೇ ತಿನ್ನತೊಡಗಿತ್ತು. ಹಾಗಾಗಿ ಈ ಬಾರಿ ಮಧ್ಯಮ ಫಿಂಚ್‌ಗಳಲ್ಲಿ ಸಣ್ಣ ಕೊಕ್ಕಿನವು ಉಳಿದವು. ಈ ಬದಲಾವಣೆಯಲ್ಲಿ ದೊಡ್ಡ ಪಾತ್ರ ವಹಿಸಿದ್ದು ಎಚ್‌ಎಂಜಿಎ2 ಎಂಬ ಜೀನ್ ಇರುವ ಡಿಎನ್‌ಎ ಭಾಗ ಎಂದು 2016ರಲ್ಲಿ ತಿಳಿಯಿತು. ಬರ ಅದೇ, ಹಕ್ಕಿ ಅದೇ, ಫಲಿತಾಂಶ ತಿರುವುಮುರುವು. ಜೀವವಿಕಾಸ ಒಂದು ಗುರಿಯತ್ತ ಹತ್ತುವ ಮೆಟ್ಟಿಲಲ್ಲ ಎಂದು ನಾನು ಹತ್ತು ಸಲ ಬಾಯಲ್ಲಿ ಹೇಳುವುದಕ್ಕಿಂತ ಈ ಎರಡು ಬರಗಳ ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ಸಾಕು.

ಆ ದ್ವೀಪದ ಇನ್ನೊಂದು ಸಂಗತಿ. 1981ರಲ್ಲಿ ಅಲ್ಲಿಗೆ ಅಪರಿಚಿತ ಗಂಡುಹಕ್ಕಿಯೊಂದು ಬಂತು. ದೇಹ ದೊಡ್ಡದು, ಹಾಡು ಬೇರೆ. ಅದು ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಎಸ್ಪನ್ಯೋಲಾ ದ್ವೀಪದಿಂದ ಬಂದದ್ದೆಂದು ಎಷ್ಟೋ ವರ್ಷಗಳ ನಂತರ ಡಿಎನ್‌ಎ ಹೇಳಿತು. ಅದು ಸ್ಥಳೀಯ ಹೆಣ್ಣುಹಕ್ಕಿಯೊಂದಿಗೆ ಕೂಡಿತು. ಅವುಗಳ ವಂಶದ ಹಕ್ಕಿಗಳು ತಂದೆಯ ಹಾಡನ್ನೇ ಕಲಿತವು. ಮೂರನೆಯ ಪೀಳಿಗೆಯ ಹೊತ್ತಿಗೆ ತಮ್ಮತಮ್ಮಲ್ಲೇ ಜೋಡಿಯಾಗುವ ಪ್ರತ್ಯೇಕ ಗುಂಪಾದವು. ಒಂದು ಹಂತದಲ್ಲಿ ಬರದಿಂದಾಗಿ ಆ ವಂಶದಲ್ಲಿ ಒಂದು ಗಂಡು, ಒಂದು ಹೆಣ್ಣು ಮಾತ್ರ ಉಳಿದಿದ್ದವು, ಅವೂ ಅಣ್ಣತಂಗಿಯರು. ಅಲ್ಲಿಂದಲೂ ವಂಶ ಚೇತರಿಸಿಕೊಂಡಿತು. ಹೊಸ ಪ್ರಭೇದವೊಂದು ಮೂಡುವ ಮೊದಲ ಹೆಜ್ಜೆಗಳು ಹೀಗಿರುತ್ತವೆ ಎಂದು 2017ರಲ್ಲಿ ಈ ವಿವರ ಪ್ರಕಟವಾಯಿತು. ಪ್ರಭೇದ ಹುಟ್ಟಲು ಲಕ್ಷಾಂತರ ವರ್ಷ ಬೇಕೇಬೇಕು ಎಂಬ ನಿಮ್ಮ ವಾಕ್ಯವನ್ನು ದಯವಿಟ್ಟು ಇದರ ಬೆಳಕಿನಲ್ಲಿ ಮತ್ತೊಮ್ಮೆ ಓದಿರಿ.

ಇನ್ನು ಇಂಗ್ಲೆಂಡಿನ ಮಚ್ಚೆ ಪತಂಗ. ಕಾರ್ಖಾನೆಗಳ ಮಸಿಯಿಂದ ಮರಗಳು ಕಪ್ಪಾದಾಗ ಕಪ್ಪು ಪತಂಗಗಳು ಹೆಚ್ಚಿದವು ಎಂಬಷ್ಟಕ್ಕೆ ಪಾಠ ಮುಗಿಯುತ್ತದೆ. ಎದ್ದುಕಾಣುವ ಪತಂಗಗಳನ್ನೇ ಹಕ್ಕಿಗಳು ಹೆಚ್ಚು ತಿನ್ನುತ್ತವೆ ಎಂದು ತೋರಿಸಿದ ಹಳೆಯ ಪ್ರಯೋಗದ ಮೇಲೆ ಆಕ್ಷೇಪಗಳು ಎದ್ದಿದ್ದವು, ಅವುಗಳಲ್ಲಿ ಹುರುಳೂ ಇತ್ತು. ಪತಂಗಗಳನ್ನು ಅವು ಸಹಜವಾಗಿ ಕೂರದ ಜಾಗದಲ್ಲಿ, ಕಾಂಡದ ಮೇಲೆ ಇಟ್ಟದ್ದು ಸರಿಯೇ ಎಂದು ವಿಜ್ಞಾನಿಗಳೇ ಕೇಳಿದರು. ಆಗ ಮೈಕೆಲ್ ಮಜೆರಸ್ ಎಂಬ ಸಂಶೋಧಕರು ಹಲವು ವರ್ಷ ಕುಳಿತು ಪ್ರಯೋಗವನ್ನು ಹೊಸದಾಗಿ ಮಾಡಿದರು. 4,864 ಪತಂಗಗಳನ್ನು ಬಿಟ್ಟರು, ಅವು ಎಲ್ಲಿ ಕೂರುತ್ತವೆ, ಯಾವುದನ್ನು ಹಕ್ಕಿ ಹಿಡಿಯುತ್ತದೆ ಎಂದು ನೋಡಿದರು. ಗಾಳಿ ತಿಳಿಯಾಗಿ ಮರಗಳು ಮತ್ತೆ ಬಿಳಿಚಿದ್ದ ಕಾಲವದು. ಕಪ್ಪು ಪತಂಗಗಳೇ ಹೆಚ್ಚಾಗಿ ಹಕ್ಕಿಗಳ ಪಾಲಾದವು. ಮಜೆರಸ್ 2009ರಲ್ಲಿ ತೀರಿಕೊಂಡರು. ಅವರ ಫಲಿತಾಂಶವನ್ನು ಸಹೋದ್ಯೋಗಿಗಳು 2012ರಲ್ಲಿ ಪ್ರಕಟಿಸಿದರು. 2016ರಲ್ಲಿ ಲಿವರ್‌ಪೂಲ್‌ನ ತಂಡವೊಂದು ಕಪ್ಪು ಬಣ್ಣದ ಮೂಲವನ್ನೇ ಹಿಡಿಯಿತು: ಜಾಗ ಬದಲಿಸುವ ಡಿಎನ್‌ಎ ತುಣುಕೊಂದು ಕಾರ್ಟೆಕ್ಸ್ ಎಂಬ ಜೀನಿನೊಳಗೆ ಬಂದು ಸೇರಿಕೊಂಡದ್ದು, ಅದೂ ಸುಮಾರು 1819ರಲ್ಲಿ. ಮೊದಲ ಕಪ್ಪು ಪತಂಗ ಮ್ಯಾಂಚೆಸ್ಟರ್ ಬಳಿ ದಾಖಲಾದದ್ದು 1848ರಲ್ಲಿ. 2024ರಲ್ಲಿ ಇನ್ನೂ ಒಂದು ತಿದ್ದುಪಡಿ ಬಂತು. ಚಿಟ್ಟೆ ಪತಂಗಗಳಲ್ಲಿ ಬಣ್ಣವನ್ನು ನಿಜವಾಗಿ ನಿಯಂತ್ರಿಸುವುದು ಕಾರ್ಟೆಕ್ಸ್ ಅಲ್ಲ, ಅದರ ನೆರೆಯಲ್ಲೇ ಇರುವ, ಪ್ರೋಟೀನ್ ತಯಾರಿಸದ ಆರ್‌ಎನ್‌ಎ ಭಾಗ ಎಂದು. ಒಂದು ಸಂಗತಿಯ ಬಗ್ಗೆ ಅನುಮಾನ, ಮರುಪರೀಕ್ಷೆ, ದೃಢೀಕರಣ, ಮತ್ತೆ ಸೂಕ್ಷ್ಮ ತಿದ್ದುಪಡಿ. ವಿಜ್ಞಾನ ಹೇಗೆ ನಡೆಯುತ್ತದೆ ಎಂದು ಪ್ರತ್ಯೇಕ ಅಧ್ಯಾಯ ಬರೆದು ಮಕ್ಕಳನ್ನು ದಣಿಸುವ ಬದಲು ಈ ಒಂದು ಪತಂಗದ ಚರಿತ್ರೆಯನ್ನು ಪೂರ್ತಿಯಾಗಿ ಬರೆಯಬಾರದೇ?

ಪ್ರಯೋಗಾಲಯದ ಕಡೆ ಬಂದರೆ ನನ್ನ ಮಕ್ಕಳಿಗೆ ಅತಿ ಹೆಚ್ಚು ಹಿಡಿಸುವುದು ರಿಚರ್ಡ್ ಲೆನ್‌ಸ್ಕಿ ಅವರ ಹನ್ನೆರಡು ಸೀಸೆಗಳು. 1988ರ ಫೆಬ್ರವರಿ 24ರಂದು ಅವರು ಒಂದೇ ಮೂಲದ ಇ. ಕೋಲೈ ಬ್ಯಾಕ್ಟೀರಿಯಾವನ್ನು ಹನ್ನೆರಡು ಸೀಸೆಗಳಿಗೆ ಹಂಚಿದರು. ಪ್ರತಿದಿನ ಪ್ರತಿ ಸೀಸೆಯಿಂದ ನೂರನೇ ಒಂದು ಭಾಗವನ್ನು ಹೊಸ ದ್ರವಕ್ಕೆ ವರ್ಗಾಯಿಸುವುದು, 500 ಪೀಳಿಗೆಗಳಿಗೊಮ್ಮೆ ಒಂದಿಷ್ಟನ್ನು ಹೆಪ್ಪುಗಟ್ಟಿಸಿ ಇಡುವುದು. ಕೆಲಸ ಇಷ್ಟೇ, ಆದರೆ ದಶಕಗಳಿಂದ ನಡೆದಿದೆ. 75,000 ಪೀಳಿಗೆಗಳನ್ನು ಅದು ದಾಟಿದೆ. ಮನುಷ್ಯರ ಪೀಳಿಗೆಗೆ 25 ವರ್ಷ ಎಂದು ಲೆಕ್ಕ ಹಿಡಿದರೆ ಸುಮಾರು 19 ಲಕ್ಷ ವರ್ಷಗಳಾದವು! ಹೆಪ್ಪುಗಟ್ಟಿದ ಪೂರ್ವಜರನ್ನು ಎಬ್ಬಿಸಿ ಅವುಗಳ ವಂಶಜರೊಂದಿಗೆ ಪೈಪೋಟಿಗೆ ಬಿಡಬಹುದು. ಹಾಗೆ ಬಿಟ್ಟಾಗ ವಂಶಜರೇ ಗೆಲ್ಲುತ್ತವೆ.

ಆ ದ್ರವದಲ್ಲಿ ಗ್ಲೂಕೋಸ್ ಜೊತೆಗೆ ಸಿಟ್ರೇಟ್ ಕೂಡ ಇದೆ. ಆಮ್ಲಜನಕ ಇರುವಾಗ ಇ. ಕೋಲೈ ಸಿಟ್ರೇಟನ್ನು ತಿನ್ನಲಾರದು. ಆ ಬ್ಯಾಕ್ಟೀರಿಯಾದ ಗುರುತುಗಳಲ್ಲಿ ಇದೂ ಒಂದು. 31,000ಕ್ಕೂ ಹೆಚ್ಚು ಪೀಳಿಗೆಗಳ ನಂತರ ಒಂದು ಸೀಸೆಯಲ್ಲಿ, ಒಂದೇ ಒಂದರಲ್ಲಿ, ಸಿಟ್ರೇಟ್ ತಿನ್ನುವ ಬ್ಯಾಕ್ಟೀರಿಯಾ ಕಾಣಿಸಿಕೊಂಡಿತು. ಇದು ಬರಿಯ ಅದೃಷ್ಟವೇ? ಝಕರಿ ಬ್ಲೌಂಟ್ ಎಂಬ ವಿದ್ಯಾರ್ಥಿ ಹೆಪ್ಪುಗಟ್ಟಿದ ಹಳೆಯ ಮಾದರಿಗಳಿಂದ ಇತಿಹಾಸವನ್ನು ಮತ್ತೆ ಮತ್ತೆ ಓಡಿಸಿ ನೋಡಿದರು. 20,000ನೇ ಪೀಳಿಗೆಗಿಂತ ಮುಂಚಿನ ಮಾದರಿಗಳಲ್ಲಿ ಆ ಸಾಮರ್ಥ್ಯ ಮರಳಿ ಹುಟ್ಟಲೇ ಇಲ್ಲ, ನಂತರದವುಗಳಲ್ಲಿ ಹುಟ್ಟಿತು. ಅಂದರೆ ಮೊದಲೇ ಆಗಿದ್ದ, ಮೇಲ್ನೋಟಕ್ಕೆ ಸಂಬಂಧವೇ ಇರದ ಬದಲಾವಣೆಗಳು ಈ ಹೊಸತನಕ್ಕೆ ನೆಲ ಹದ ಮಾಡಿದ್ದವು. 2008ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ನಾನು ಪಾಠದ ಹೊರಗೆ ಸೇರಿಸಿ ಹೇಳುತ್ತೇನೆ, ಏಕೆಂದರೆ ಪಾಠದೊಳಗೆ ಅದಕ್ಕೆ ಜಾಗವಿಲ್ಲ. ಆಕಸ್ಮಿಕ ಎಷ್ಟು, ಅನಿವಾರ್ಯ ಎಷ್ಟು ಎಂದು ಆಮೇಲೆ ತರಗತಿಯಲ್ಲಿ ವಾದ ಶುರುವಾಗುತ್ತದೆ. ಗಂಟೆ ಹೊಡೆದರೂ ನಿಲ್ಲುವುದಿಲ್ಲ.

ಇನ್ನೂ ಎಷ್ಟೋ ಇವೆ. ಹವಾಯಿಯ ಕವಾಯಿ ದ್ವೀಪದಲ್ಲಿ ಗಂಡು ಕ್ರಿಕೆಟ್ ಹುಳುಗಳ (ಮಿಡತೆಯ ಬಳಗದವು) ಹಾಡು ಕೇಳಿ ಬಂದು ಅವುಗಳ ದೇಹದಲ್ಲಿ ಮರಿ ಇಡುವ ನೊಣವಿದೆ. ಇಪ್ಪತ್ತಕ್ಕಿಂತ ಕಡಿಮೆ ಪೀಳಿಗೆಗಳಲ್ಲಿ ಅಲ್ಲಿನ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಗಂಡುಗಳು ಸದ್ದೇ ಬಾರದ ರೆಕ್ಕೆಯವಾದವು. ಅಮೆರಿಕದ ನೆಬ್ರಾಸ್ಕದಲ್ಲಿ ಸೇತುವೆಗಳ ಕೆಳಗೆ ಗೂಡು ಕಟ್ಟುವ ಕವಲುತೋಕೆ ಹಕ್ಕಿಗಳ ರೆಕ್ಕೆ 30 ವರ್ಷಗಳಲ್ಲಿ ಗಿಡ್ಡವಾಗಿದೆ, ವಾಹನಗಳಿಗೆ ಸಿಕ್ಕಿ ಸಾಯುವ ಹಕ್ಕಿಗಳ ಸಂಖ್ಯೆಯೂ ಇಳಿದಿದೆ. 2017ರ ಚಂಡಮಾರುತಗಳ ನಂತರ ಕೆರಿಬಿಯನ್ ದ್ವೀಪಗಳಲ್ಲಿ ಬದುಕುಳಿದ ಹಲ್ಲಿಗಳ ಬೆರಳಿನ ಅಂಟುಮೆತ್ತೆ ಮೊದಲಿನವುಗಳಿಗಿಂತ ದೊಡ್ಡದಿತ್ತು.

ಮೊಜಾಂಬಿಕ್‌ನ ಗೊರೊಂಗೋಸಾ ಆನೆಗಳನ್ನು ಮಾತ್ರ ಹೀಗೆ ಒಂದು ಸಾಲಿನಲ್ಲಿ ಮುಗಿಸಲು ನನಗೆ ಮನಸ್ಸು ಬರುತ್ತಿಲ್ಲ. 1977ರಿಂದ 1992ರವರೆಗಿನ ಅಂತರ್ಯುದ್ಧದಲ್ಲಿ ದಂತಕ್ಕಾಗಿ ಕೊಂದು ಕೊಂದು ಅಲ್ಲಿನ ಆನೆಗಳಲ್ಲಿ ಶೇಕಡ 90ಕ್ಕೂ ಹೆಚ್ಚು ಅಳಿದವು. ಯುದ್ಧಕ್ಕೆ ಮುಂಚೆ ದಂತವಿಲ್ಲದ ಹೆಣ್ಣಾನೆಗಳು ಶೇಕಡ 18.5ರಷ್ಟಿದ್ದವು, ಯುದ್ಧದ ನಂತರ ಶೇಕಡ 50.9ರಷ್ಟು. ಬೇಟೆಗಾರರು ದಂತವಿಲ್ಲದವನ್ನು ಬಿಟ್ಟರು, ಅವುಗಳ ಹೆಣ್ಣುಮರಿಗಳಲ್ಲಿ ಹಲವು ಅದೇ ಗುಣ ಹೊತ್ತು ಹುಟ್ಟಿದವು. 2021ರ ಅಧ್ಯಯನ ಇದರ ಬೆಲೆಯನ್ನೂ ತೋರಿಸಿತು. ದಂತವನ್ನು ಇಲ್ಲವಾಗಿಸುವ ಬದಲಾವಣೆ ಇರುವುದು ಎಕ್ಸ್ ವರ್ಣತಂತುವಿನಲ್ಲಿ, ಅದನ್ನು ಪಡೆದ ಗಂಡುಮರಿ ಹುಟ್ಟುವ ಮೊದಲೇ ಸಾಯುತ್ತದೆ. ಹೀಗಾಗಿ ದಂತವಿಲ್ಲದ ತಾಯಂದಿರಿಗೆ ಹೆಣ್ಣುಮರಿಗಳೇ ಹೆಚ್ಚು. ಕೋವಿಗೆ ಹೊಂದಿಕೊಂಡ ಆನೆ ಎಂದು ಇದನ್ನು ಯಶಸ್ಸಿನ ಕಥೆಯಾಗಿ ಹೇಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ನೀರಿಗಾಗಿ ನೆಲ ಅಗೆಯಲು, ಮರದ ತೊಗಟೆ ಸುಲಿಯಲು ಬೇಕಾದ ಅಂಗವನ್ನು ಆ ಆನೆಗಳು ಕಳೆದುಕೊಂಡಿವೆ, ಗಂಡುಮಕ್ಕಳನ್ನೂ ಕಳೆದುಕೊಳ್ಳುತ್ತಿವೆ. ಆಯ್ಕೆ ಮಾಡಿದ್ದು ನಾವು.

ಈಗ ಮನುಷ್ಯನ ವಿಷಯ. ಮಂಗನಿಂದ ಮಾನವ ಎಂಬ ಆ ಸಾಲುಚಿತ್ರವನ್ನು ಕೈಬಿಡಿ ಎಂದು ನಾನು ಬೇಡಿಕೊಳ್ಳುತ್ತೇನೆ. 2010ರಲ್ಲಿ ಸ್ವಾಂತೆ ಪೇಬೊ ಅವರ ತಂಡ ನಿಯಾಂಡರ್ತಲ್ ಎಂಬ ಅಳಿದುಹೋದ ಮಾನವ ಕುಲದ ಜೀನೋಮಿನ (ಪೂರ್ಣ ಡಿಎನ್‌ಎಯ) ಕರಡನ್ನು ಪ್ರಕಟಿಸಿತು. ಆಫ್ರಿಕದಿಂದ ಹೊರಗೆ ಹರಡಿದವರ ವಂಶದ ಇಂದಿನ ಜನರಲ್ಲಿ ಶೇಕಡ ಒಂದೆರಡರಷ್ಟು ನಿಯಾಂಡರ್ತಲ್ ಡಿಎನ್‌ಎ ಇದೆ. ಅದೇ ವರ್ಷ ಸೈಬೀರಿಯದ ಡೆನಿಸೋವಾ ಗುಹೆಯಲ್ಲಿ ಸಿಕ್ಕ ಬೆರಳಿನ ಮೂಳೆಯ ಚೂರೊಂದರ ಡಿಎನ್‌ಎ ಯಾರಿಗೂ ಗೊತ್ತಿರದ ಮತ್ತೊಂದು ಮಾನವ ಕುಲವನ್ನು ಪರಿಚಯಿಸಿತು. ಟಿಬೆಟಿನ ಜನ ಎತ್ತರದ ವಿರಳ ಗಾಳಿಯಲ್ಲಿ ಆರೋಗ್ಯವಾಗಿ ಬದುಕಲು ನೆರವಾಗುವ ಜೀನ್ ರೂಪವೊಂದು ಆ ಡೆನಿಸೋವನ್ನರಿಂದ ಬಂದದ್ದು. 2018ರಲ್ಲಿ ಅದೇ ಗುಹೆಯ ಇನ್ನೊಂದು ಮೂಳೆಚೂರು, ತಾಯಿ ನಿಯಾಂಡರ್ತಲ್, ತಂದೆ ಡೆನಿಸೋವನ್ ಆಗಿದ್ದ ಹುಡುಗಿಯೊಬ್ಬಳದೆಂದು ತಿಳಿಯಿತು. ಆಕೆ ಬದುಕಿದ್ದು ಸುಮಾರು 90,000 ವರ್ಷಗಳ ಹಿಂದೆ. 2025ರಲ್ಲಿ ಚೀನಾದ ಹಾರ್ಬಿನ್‌ನಲ್ಲಿ ಸಿಕ್ಕಿದ್ದ ಬೃಹತ್ ತಲೆಬುರುಡೆಯೊಂದು ಡೆನಿಸೋವನ್ನರದೇ ಎಂದು ಅದರ ಪ್ರೋಟೀನುಗಳೂ ಹಲ್ಲಿನ ಪಾಚಿಯಲ್ಲಿ ಉಳಿದಿದ್ದ ಡಿಎನ್‌ಎಯೂ ಹೇಳಿದವು. ಬರಿ ಬೆರಳು, ಹಲ್ಲು, ಚೂರುಗಳಿಂದ ಹದಿನೈದು ವರ್ಷ ಊಹಿಸಿಕೊಂಡಿದ್ದವರಿಗೆ ಕೊನೆಗೊಂದು ಮುಖ ಸಿಕ್ಕಿತು. ಬೇರ್ಪಟ್ಟು, ಮತ್ತೆ ಬೆರೆತು, ಕೆಲವರು ಅಳಿದು, ಅಳಿದವರ ಗುರುತು ಉಳಿದವರ ಮೈಯಲ್ಲಿ ಮುಂದುವರಿದ ಈ ಚರಿತ್ರೆಯನ್ನು ಐದು ಆಕೃತಿಗಳ ಸಾಲು ಹೇಗೆ ತಾನೇ ಹೇಳೀತು?

ಬಾಲದ ಮೂಳೆಯನ್ನು ನೀವು ಅವಶೇಷ ಅಂಗಗಳ ಪಟ್ಟಿಯಲ್ಲಿ ಕೊಟ್ಟಿರುತ್ತೀರಿ. ಆ ಪಟ್ಟಿಗೆ ಎರಡು ವಾಕ್ಯ ಸೇರಿಸಿ. ಬೋ ಶಿಯಾ ಎಂಬ ವಿದ್ಯಾರ್ಥಿಗೆ ಬಾಲದ ಮೂಳೆಗೆ ಪೆಟ್ಟಾದಾಗ, ನಮ್ಮ ಬಾಲ ಹೋದದ್ದು ಹೇಗೆ ಎಂಬ ಪ್ರಶ್ನೆ ಬಲವಾಗಿ ಕಾಡಿತು. 2024ರಲ್ಲಿ ಪ್ರಕಟವಾದ ಅವರ ತಂಡದ ಸಂಶೋಧನೆಯ ಪ್ರಕಾರ ಸುಮಾರು ಎರಡೂವರೆ ಕೋಟಿ ವರ್ಷಗಳ ಹಿಂದೆ ಟಿಬಿಎಕ್ಸ್‌ಟಿ ಎಂಬ ಜೀನಿಗೆ ಸೇರಿಕೊಂಡ ಪುಟ್ಟ ಡಿಎನ್‌ಎ ತುಣುಕು ಇದರ ಹಿಂದಿದೆ. ಇಲಿಗಳಲ್ಲಿ ಆ ಜೀನಿನ ಅದೇ ಬಗೆಯ ರೂಪ ಉಂಟಾಗುವಂತೆ ಮಾಡಿದಾಗ ಬಾಲ ಗಿಡ್ಡವಾದ, ಬಾಲವೇ ಇಲ್ಲದ ಮರಿಗಳು ಹುಟ್ಟಿದವು.

ನಿಮ್ಮಲ್ಲಿ ಕೆಲವರ ಆಕ್ಷೇಪ ನನಗೆ ಗೊತ್ತಿದೆ. ಮಕ್ಕಳ ಮೇಲೆ ಹೊರೆ ಹೆಚ್ಚಾಗುತ್ತದೆ ಎನ್ನುತ್ತೀರಿ. ಅರ್ಥವಾಗದ್ದನ್ನು ಉರುಹೊಡೆಯುವುದೇ ದೊಡ್ಡ ಹೊರೆ. ಬಾಯಿಪಾಠದ ಭೂಯುಗಗಳ ಪಟ್ಟಿಯನ್ನು ಅರ್ಧಕ್ಕಿಳಿಸಿ, ಜಾಗ ತಾನಾಗಿ ಸಿಗುತ್ತದೆ. ವಿಷಯ ವಿವಾದಾತ್ಮಕ ಎನ್ನುವವರೂ ಇದ್ದಾರೆ. ಜೀವಿಗಳು ಸಮಾನ ಪೂರ್ವಜರಿಂದ ಬಂದವು, ನೈಸರ್ಗಿಕ ಆಯ್ಕೆ ಕೆಲಸ ಮಾಡುತ್ತದೆ ಎಂಬುದರಲ್ಲಿ ಜೀವಶಾಸ್ತ್ರಜ್ಞರ ನಡುವೆ ವಿವಾದವಿಲ್ಲ. ವಿವಾದ ಇರುವುದು ಬೇರೆ ಕಡೆ: ಬದಲಾವಣೆಯಲ್ಲಿ ಆಯ್ಕೆಯ ಪಾಲೆಷ್ಟು, ಆಕಸ್ಮಿಕದ ಪಾಲೆಷ್ಟು, ಕೋಶಕೇಂದ್ರವಿರುವ ನಮ್ಮಂಥ ಜೀವಕೋಶಗಳು ಆಸ್ಗಾರ್ಡ್ ಆರ್ಕಿಯಾ ಎಂಬ ಸೂಕ್ಷ್ಮಜೀವಿಗಳ ಬಳಗದಿಂದ ಹೇಗೆ ಮೂಡಿದವು, ಎಂಬಂಥವು. ಈ ಪ್ರಶ್ನೆಗಳು ತೆರೆದಿವೆ ಎಂದು ಮಕ್ಕಳಿಗೆ ಹೇಳಿ. "ಡಾರ್ವಿನ್ ತಪ್ಪೆಂದು ಸಾಬೀತು" ಎಂಬ ತಲೆಬರಹಗಳನ್ನು ಅವರು ಮೊಬೈಲಿನಲ್ಲಿ ಹೇಗೂ ಓದುತ್ತಾರೆ. ತೆರೆದ ಪ್ರಶ್ನೆಗೂ ಕುಸಿದ ಸಿದ್ಧಾಂತಕ್ಕೂ ಇರುವ ವ್ಯತ್ಯಾಸವನ್ನು ಪುಸ್ತಕವೇ ಕಲಿಸದಿದ್ದರೆ ಯಾರು ಕಲಿಸಬೇಕು?

ಇದು ಕೇವಲ ಜ್ಞಾನದ ಪ್ರಶ್ನೆಯೂ ಅಲ್ಲ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಸೋಂಕುಗಳಿಂದ 2019ರಲ್ಲಿ ಜಗತ್ತಿನಲ್ಲಿ ನೇರವಾಗಿ ಸುಮಾರು 12.7 ಲಕ್ಷ ಜನ ಸತ್ತರೆಂದು ಅಂದಾಜು. ದೇಹಕ್ಕೆ ಔಷಧ ಒಗ್ಗಿಹೋಯಿತು ಎಂದೇ ಹೆಚ್ಚಿನವರು ತಿಳಿದಿದ್ದಾರೆ, ಓದಿದವರು ಕೂಡ. ಬದಲಾಗಿರುವುದು ದೇಹವಲ್ಲ, ಬ್ಯಾಕ್ಟೀರಿಯಾ. 2016ರಲ್ಲಿ ರಾಯ್ ಕಿಶೋನಿ ಅವರ ತಂಡ 120 ಸೆಂಟಿಮೀಟರ್ ಉದ್ದ, 60 ಸೆಂಟಿಮೀಟರ್ ಅಗಲದ ತಟ್ಟೆಯಲ್ಲಿ ಅಂಚಿನಿಂದ ನಡುವಿನವರೆಗೆ ಪಟ್ಟಿಪಟ್ಟಿಯಾಗಿ ಆ್ಯಂಟಿಬಯೋಟಿಕ್ ಪ್ರಮಾಣವನ್ನು ಹೆಚ್ಚಿಸುತ್ತ ಹೋಯಿತು. ಬ್ಯಾಕ್ಟೀರಿಯಾ ಪ್ರತಿ ಗಡಿಯಲ್ಲೂ ತಡೆದು ನಿಂತಿತು, ಎಲ್ಲೋ ಒಂದು ಕಡೆ ಹೊಸ ಉತ್ಪರಿವರ್ತನೆ ಹೊತ್ತ ಕೋಶ ಗಡಿ ದಾಟಿತು, ಅದರ ಸಂತತಿ ಮುಂದಿನ ಪಟ್ಟಿಯನ್ನು ತುಂಬಿತು. ಸುಮಾರು ಹನ್ನೊಂದು ದಿನಗಳಲ್ಲಿ ಸಾವಿರ ಪಟ್ಟು ಪ್ರಮಾಣದ ನಡುಪಟ್ಟಿಯನ್ನೂ ತಲುಪಿತು. ಅದರ ಚಿತ್ರೀಕರಣ ಎರಡು ನಿಮಿಷದ್ದು. ಅದನ್ನು ನೋಡಿದ ಮಕ್ಕಳು ವೈದ್ಯರು ಹೇಳದೆ ಮಾತ್ರೆ ನುಂಗುವುದು ಏಕೆ ತಪ್ಪು ಎಂದು ನನ್ನಿಂದ ಉಪದೇಶ ಕೇಳುವ ಅಗತ್ಯವೇ ಇರಲಿಲ್ಲ, ತಾವೇ ಹೇಳಿದರು.

ಮುಂದಿನ ಪರಿಷ್ಕರಣೆಯಲ್ಲಿ ಆಗಬೇಕಾದದ್ದನ್ನು ನೇರವಾಗಿ ಬರೆಯುತ್ತೇನೆ. ಜೀವವಿಕಾಸವನ್ನು ಪುಸ್ತಕದ ಕೊನೆಯಿಂದ ಮೊದಲಿಗೆ ತನ್ನಿ. ವರ್ಷಾಂತ್ಯದ ಗಡಿಬಿಡಿಯಲ್ಲಿ ಬಿಟ್ಟುಹೋಗುವ ಪಾಠ ಅದಾಗಬಾರದು, ಉಳಿದ ಅಧ್ಯಾಯಗಳು ಅದರ ಮೇಲೆ ನಿಲ್ಲಬೇಕು. ಡಾಫ್ನಿ ಮೇಜರ್‌ನ ಕೊಕ್ಕಿನ ಅಳತೆಗಳನ್ನು, ಬರಕ್ಕೆ ಮುಂಚಿನದ್ದು ಮತ್ತು ನಂತರದ್ದು, ಅಂಕಿಗಳಾಗಿಯೇ ಮುದ್ರಿಸಿ, ನಕ್ಷೆಯನ್ನು ಮಕ್ಕಳು ಬರೆಯಲಿ, ತೀರ್ಮಾನವನ್ನು ಅವರೇ ತೆಗೆಯಲಿ. ಪರೀಕ್ಷೆಯಲ್ಲಿ "ಡಾರ್ವಿನ್‌ರ ಸಿದ್ಧಾಂತವನ್ನು ವಿವರಿಸಿ" ಎಂದು ಕೇಳುವ ಬದಲು, ಗೊತ್ತಿಲ್ಲದ ಒಂದು ದ್ವೀಪದ ಮಾಹಿತಿ ಕೊಟ್ಟು ಅಲ್ಲಿ ಏನು ನಡೆದಿರಬಹುದೆಂದು ಕೇಳಿ. ಪ್ರತಿ ಪರಿಷ್ಕರಣೆಗೂ ಹತ್ತು ವರ್ಷ ಕಾಯಬೇಕಾದ ಸ್ಥಿತಿಯಿದ್ದರೆ, ವರ್ಷಕ್ಕೊಮ್ಮೆ ಶಿಕ್ಷಕರಿಗೆ ಹತ್ತು ಪುಟದ ಪೂರಕ ಪುಸ್ತಿಕೆಯನ್ನಾದರೂ ಕಳುಹಿಸಿ. ಅದನ್ನು ತರಗತಿಗೆ ಒಯ್ಯುವ ಹೊಣೆ ನಮ್ಮದು. ಕರಡು ಸಿದ್ಧವಾದಾಗ ಪಾಠ ಮಾಡುವವರ ಕೈಗೂ ಒಮ್ಮೆ ಕೊಡಿ. ಓದಿ, ತಿದ್ದಿ, ತಕರಾರುಗಳೊಂದಿಗೆ ಮರಳಿಸಲು ನಾನು ಸಿದ್ಧಳಿದ್ದೇನೆ, ನನ್ನಂತೆ ಸಿದ್ಧರಿರುವ ಶಿಕ್ಷಕರು ಇನ್ನೂ ಅನೇಕರಿದ್ದಾರೆ.

ನಿಮ್ಮ ಉತ್ತರದ ನಿರೀಕ್ಷೆಯಲ್ಲಿ,
ಒಬ್ಬ ಜೀವಶಾಸ್ತ್ರ ಶಿಕ್ಷಕಿ